ಅಪ್ಪನಿಗೊಂದು ಮೊಳೆ

ಬಾಡಿಗೆ ಮನೆಯಲ್ಲಿ ಬಾಳಿದವನನ್ನು ನಾನು ನೂರು ಜನರ ನಡುವೆಯೂ ಗುರುತಿಸಬಲ್ಲೆ. ಅವನು ಸದ್ದಾಗದಂತೆ ಬಾಗಿಲು ಹಾಕುತ್ತಾನೆ, ನಲ್ಲಿ ತಿರುವುವ ಮೊದಲು ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಾನೆ, ತಲೆಯ ಎಣ್ಣೆ ಹತ್ತೀತೆಂದು ಗೋಡೆಯಿಂದ ಎರಡು ಬೆರಳು ದೂರ ಬಿಟ್ಟು ಒರಗುತ್ತಾನೆ. ದೂರ ಬಿಟ್ಟು ಒರಗುವುದು ಹೇಗೆ ಎಂದು ಕೇಳಬೇಡಿ, ಅದು ನನ್ನ ಇಪ್ಪತ್ತಾರು ವರ್ಷಗಳ ಸಾಧನೆ. ಸೇಡಂ, ಚಿಂಚೋಳಿ, ಶಹಾಬಾದ, ವಾಡಿ ಎಂದು ಗುಮಾಸ್ತನ ನೌಕರಿ ಎಳೆದುಕೊಂಡು ಹೋದಲ್ಲೆಲ್ಲ ಬಾಡಿಗೆ ಹಿಡಿದೆ, ಒಟ್ಟು ಹನ್ನೊಂದು ಮನೆ. ಹನ್ನೊಂದು ಮಾಲಕರಲ್ಲಿ ಕೆಲವರು ದೇವರಂಥವರು, ಕೆಲವರಿಂದ ದೇವರೇ ಕಾಪಾಡಬೇಕು. ಆದರೆ ಕೀಲಿಕೈ ಕೊಡುವಾಗ ಎಲ್ಲರೂ ಹೇಳಿದ ಮಾತು ಒಂದೇ: "ಎಲ್ಲಾ ನಿಮ್ದೇ ಅಂತ ತಿಳ್ಕೊಂಡು ಇರ್ರಿ. ಗ್ವಾಡಿಗಿ ಮೊಳಿ ಮಾತ್ರ ಹೊಡೀಬ್ಯಾಡ್ರಿ."

ಮೊಳೆಯಿಲ್ಲದೆ ಸಂಸಾರ ಮಾಡುವುದು ಹೇಗೆ ಸ್ವಾಮಿ? ಕ್ಯಾಲೆಂಡರು, ಕನ್ನಡಿ, ಕೊಡೆ, ನನ್ನ ಅಂಗಿ, ಇವನ್ನೆಲ್ಲ ಗಾಳಿಗೆ ತೂಗುಹಾಕಲು ಬರುತ್ತದೆಯೇ? ಮಾಲಕರು ಗೋಡೆಯಾಚೆಯೇ ಇರುತ್ತಿದ್ದರು, ಅವರ ಕಿವಿಯೋ ಭಾಳ ಚುರುಕು. ವಾಡಿಯಲ್ಲಿ ನಮ್ಮನ್ನು ಕಾಪಾಡಿದ್ದು ಗೂಡ್ಸ್ ಗಾಡಿ. ಸುತ್ತಿಗೆ ಹಿಡಿದು ನಾನು ಸ್ಟೂಲಿನ ಮೇಲೆ, ಕಿಟಕಿಯಲ್ಲಿ ನನ್ನ ಹೆಂಡತಿ ಕಮಲಾ. ಎಂಜಿನ್ ಕಂಡೊಡನೆ ಅವಳು ಕೈ ಎತ್ತುವಳು, ನಾನು ಟಕ್ ಟಕ್ ಎಂದು ಶುರು ಮಾಡುವೆ. ಕೊನೆಯ ಡಬ್ಬಿ ದಾಟಿದೊಡನೆ ಅವಳ ಕೈ ಕೆಳಗೆ, ನನ್ನ ಸುತ್ತಿಗೆ ನಡುಗಾಳಿಯಲ್ಲಿ. ಉಳಿದರ್ಧ ಮೊಳೆ ಮುಂದಿನ ಗಾಡಿಗೆ. ಪ್ಯಾಸೆಂಜರ್ ಗಾಡಿ ಇದಕ್ಕೆ ಬರುವುದಿಲ್ಲ, ಎರಡನೆಯ ಏಟಿಗೇ ಹೋಗಿಬಿಟ್ಟಿರುತ್ತದೆ. ಚಿಂಚೋಳಿಯಲ್ಲಂತೂ ರೈಲೇ ಇಲ್ಲ. ಅಲ್ಲಿದ್ದ ಮೂರು ವರ್ಷವೂ ಓಣಿಯಲ್ಲಿ ಮದುವೆಯ ಬ್ಯಾಂಡು ಹೋಗುವುದನ್ನು ಕಾದೆವು. ಮುಹೂರ್ತ ಇಲ್ಲದ ತಿಂಗಳುಗಳಲ್ಲಿ ನನ್ನ ಅಂಗಿಗಳು ಬಾಗಿಲ ಮೇಲೆಯೇ ನೇತಾಡಿದವು.

ಆದರೆ ಯಾವ ಗೂಡ್ಸ್ ಗಾಡಿಗೂ ಬಗೆಹರಿಯದ ಒಂದು ಕೆಲಸವಿತ್ತು. ಅದು ಅಪ್ಪನ ಫೋಟೋ. ನನ್ನಪ್ಪ ಶಹಾಬಾದದ ಗಣಿಯಲ್ಲಿ ಕಲ್ಲು ಕಡಿಯುತ್ತಿದ್ದ. ಮಂದಿಯ ಮನೆಗಳ ನೆಲಕ್ಕೆ ಹಾಸುವ ಫರ್ಸಿ ಕಡಿದು ಕಡಿದು ಕೊಟ್ಟು, ತಾನು ಸಗಣಿ ಸಾರಿಸಿದ ನೆಲದ ತಗಡಿನ ಶೆಡ್ಡಿನಲ್ಲೇ ಕಣ್ಣು ಮುಚ್ಚಿದ. ಫೋಟೋದಲ್ಲಿ ಅವನು ಯಾರದೋ ಕೋಟು ತೊಟ್ಟು, ಗುಂಡಿ ಕಿತ್ತುಬಂದೀತೆಂಬ ಹೆದರಿಕೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದಾನೆ. ಅದಕ್ಕೆ ಸಾಗವಾನಿ ಕಟ್ಟಿಗೆಯ ಚೌಕಟ್ಟು, ಗಾಜು, ಎಲ್ಲ ಸೇರಿ ಭಾರವೋ ಭಾರ. ಅದನ್ನು ಹೊರಬೇಕಾದರೆ ಬೆರಳುದ್ದದ ದಪ್ಪ ಮೊಳೆ ಬೇಕು, ಹೊಡೆದರೆ ಗೋಡೆಯ ಗಿಲಾವು ಉದುರುತ್ತದೆ, ಗಿಲಾವು ಉದುರಿದರೆ ಮಾಲಕರು ನಮ್ಮನ್ನೇ ಉದುರಿಸುತ್ತಾರೆ. ಹೀಗಾಗಿ ಅಪ್ಪ ಸೇಡಮಿನಲ್ಲಿ ಟ್ರಂಕಿನ ಮೇಲೆ ಕುಳಿತ, ಚಿಂಚೋಳಿಯಲ್ಲಿ ಅಕ್ಕಿಯ ಡಬ್ಬದ ಮೇಲೆ. ಅಲ್ಲಿ ಅವ್ವ ದಿನಾ ಬೆಳಿಗ್ಗೆ, "ಜರಾ ಸರೀರಿ" ಎಂದು ಅವನನ್ನು ಇಳಿಸಿ ಅಕ್ಕಿ ತೆಗೆಯುತ್ತಿದ್ದಳು. ವಾಡಿಯಲ್ಲಿ ಫ್ರಿಜ್ಜಿನ ಮೇಲೆ ಕೂತವನು ಗಾಡಿ ಹೋದಾಗಲೆಲ್ಲ ಒಂದೊಂದು ಎಳೆ ಮುಂದೆ ಜಾರುತ್ತಿದ್ದ. ಒಂದು ದಿನ ಮಕಾಡೆ ಬಿದ್ದು ಭುಜದ ಹತ್ತಿರ ಗಾಜು ಸೀಳಿತು. ಅವ್ವ ಅವನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಸೆರಗಿನಿಂದ ಗಾಜು ಒರೆಸುತ್ತ, "ಅವರ್ನ ಒಂದು ಸಲ ಗ್ವಾಡಿಗಿ ಹಾಕು ತಮ್ಮಾ, ನಾ ಕಣ್ಣು ಮುಚ್ಚೋದ್ರೊಳಗ" ಎಂದಳು. ಎಂಬತ್ತು ದಾಟಿದ ಅವ್ವ ನನ್ನನ್ನು ಕೇಳಿದ್ದು ಅದೊಂದೇ. ಆ ದಿನದಿಂದ ನಾನು ಮನೆ ಹುಡುಕತೊಡಗಿದೆ.

ಅಂತೂ ಈ ವರ್ಷ ವಾಡಿಯಲ್ಲೇ, ಹಳಿಯಿಂದ ಕೂಗಳತೆಯಲ್ಲಿ, ಕೆಳಗೆ ಎರಡು ಖೋಲಿ, ಮೇಲೊಂದು ಖೋಲಿ ಇರುವ ಮನೆ ಕೊಂಡೆವು. ನೆಲಕ್ಕೆ ಟೈಲ್ಸ್ ಇಲ್ಲ, ಹಳೆಯ ಫರ್ಸಿ. ಮಾರಿದವರಿಗೂ ಅದರ ನಾಚಿಕೆ, ನನಗೂ ನಾಚಿಕೆ. ಒಳಗೆ ಬಂದ ಅವ್ವ ಸೂರು ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ನೆಲ ಸವರಿ, "ಈ ಫರ್ಸಿ ಕಡಿದವನ ಕೈ ಛಲೋ ಅದ" ಎಂದಳು. ನನ್ನ ಟೈಲ್ಸಿನ ಆಸೆ ಅಲ್ಲಿಗೇ ಮುಗಿಯಿತು. ಹಾಲು ಉಕ್ಕಿತು, ನೆಂಟರು ಹೋಳಿಗೆ ಉಂಡು, ಒಲೆಯ ದಿಕ್ಕು ಸರಿಯಿಲ್ಲವೆಂದು ಬುದ್ಧಿ ಹೇಳಿ ಹೋದರು.

ಮರುದಿನ ಮಧ್ಯಾಹ್ನ ಅಪ್ಪನ ಕೆಲಸಕ್ಕೆ ಕೈ ಹಾಕಿದೆ. ಅವ್ವ ಹೊಸ ಸೀರೆ ಉಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. ಮಗಳು ರೇಖಾ ಫೋಟೋ ಎದೆಗವಚಿ ನಿಂತಳು. ನಾನು ಸ್ಟೂಲು ಹತ್ತಿ, ಮೊಳೆಯಿಟ್ಟು, ಸುತ್ತಿಗೆ ಎತ್ತಿದೆ. ಎತ್ತಿದವನು ಎತ್ತಿದ ಹಾಗೆಯೇ ನಿಂತೆ. ಒಂದು ನಿಮಿಷವಾಯಿತು, ಎರಡಾಯಿತು, ಕೈ ಜೋಮು ಹಿಡಿಯಿತು.

"ಯಾಕ ನಿಂತಿ?" ಎಂದಳು ಅವ್ವ.

"ತಡಿ ಅವ್ವಾ, ಗಾಡಿ ಬರ್ಲಿ," ಎಂದೆ ನಾನು.

ಮಗಳು ಕಿಸಕ್ಕೆಂದಳು. ಆಗಲೇ ನಾನಾಡಿದ್ದು ನನಗೆ ಕೇಳಿಸಿದ್ದು. ನಾಚಿಕೆಯಿಂದ ಹೆಂಡತಿಯ ಕಡೆ ತಿರುಗಿದರೆ ಅವಳು ಕಿಟಕಿಯಲ್ಲಿ ಕತ್ತು ಹೊರಗೆ ಹಾಕಿ, ಒಂದು ಕೈ ಎತ್ತಲು ಸಿದ್ಧವಾಗಿ, ಸ್ಟೇಷನ್ನಿನ ದಿಕ್ಕನ್ನೇ ನೋಡುತ್ತ ನಿಂತಿದ್ದಾಳೆ. ಅವ್ವ ನನ್ನನ್ನೂ ನೋಡಿದಳು, ಸೊಸೆಯನ್ನೂ ನೋಡಿದಳು. "ಯಾರಿಗಿ ಕೇಳಬಾರ್ದು ಅಂತ ನಿಂತೀರಿ? ಇದು ನಮ್ಮ ಮನಿ. ಜೋರಿಲೆ ಹೊಡಿ, ಊರಿಗಿ ಕೇಳ್ಲಿ."

ಹೊಡೆದೆ. ಮೊದಲ ಏಟಿನ ಸದ್ದಿಗೆ ನಾನೇ ಬೆಚ್ಚಿದೆ. ಎರಡನೆಯದಕ್ಕೆ ಧೈರ್ಯ ಬಂತು, ಮೂರನೆಯದಕ್ಕೆ ಹನ್ನೊಂದು ಮಾಲಕರೂ ಕಣ್ಣ ಮುಂದೆ ಸಾಲಾಗಿ ನಿಂತರು. ಆಮೇಲೆ ನನ್ನ ಕೈ ನಿಲ್ಲಲಿಲ್ಲ. ಅಂಗೈಯಗಲ ಗಿಲಾವು ಉದುರಿ ತಲೆಯ ಮೇಲೆ ಬಿತ್ತು. ಬೀಳಲಿ, ನನ್ನದೇ ಗಿಲಾವು. ಅಪ್ಪ ಗೋಡೆ ಏರಿದ. ಅವ್ವ ಎದ್ದುಹೋಗಿ, ಫೋಟೋದ ಕೆಳಗೆ ನಿಂತು, "ಇನ್ನ ಆರಾಮ ಕುಂದ್ರಿ" ಎಂದಳು. ನಾನು ಅತ್ತೆ, ಮುಚ್ಚಿಡುವುದೇನು? ಕಣ್ಣಲ್ಲಿ ಗಿಲಾವಿನ ಧೂಳು ಬಿತ್ತೆಂದು ಹೇಳಿದ್ದನ್ನು ಯಾರೂ ನಂಬಲಿಲ್ಲ.

ಆಮೇಲಿನ ಒಂದು ವಾರ ಹಾಡಹಗಲೇ ಮೊಳೆ ಹೊಡೆದೆ. ಕೊಡೆಗೊಂದು, ಅಂಗಿಗೊಂದೊಂದು, ಏನನ್ನೂ ತೂಗುಹಾಕದೆ ಸುಮ್ಮನೆ ನೋಡಲಿಕ್ಕೊಂದು. ಕಡೆಗೆ ಕಮಲಾ ಸುತ್ತಿಗೆ ಕಸಿದು ಅಕ್ಕಿಯ ಡಬ್ಬದಲ್ಲಿ ಹೂತಿಟ್ಟಳು.

ಹೋದ ತಿಂಗಳು ಮೇಲಿನ ಖೋಲಿಗೆ ಬಾಡಿಗೆಯವರು ಬಂದರು. ಹೊಸದಾಗಿ ನೌಕರಿ ಸಿಕ್ಕ ಶಾಲೆಯ ಮಾಸ್ತರರು, ಅವರ ಹೆಂಡತಿ. ಚಹಾ ಕೊಟ್ಟೆ, ನೀರಿನ ವೇಳೆ ಹೇಳಿದೆ, ಕೀಲಿಕೈ ಅವರ ಕೈಗಿಟ್ಟೆ. ಆಗ ನನ್ನ ಬಾಯಿ ತಾನಾಗಿ ತೆರೆಯಿತು. "ಎಲ್ಲಾ ನಿಮ್ದೇ ಅಂತ ತಿಳ್ಕೊಂಡು ಇರ್ರಿ ಮಾಸ್ತರ. ಗ್ವಾಡಿಗಿ ಮೊಳಿ ಮಾತ್ರ ಹೊಡೀಬ್ಯಾಡ್ರಿ." ಹಿಂದೆ ಕಮಲಾಗೆ ಕೆಮ್ಮು ಬಂತು. ಮಾಸ್ತರರು ತಲೆಯಾಡಿಸಿ, ಗೋಡೆ ನೋಡಿ, ಕಿಟಕಿಯಾಚೆಯ ಹಳಿ ನೋಡಿದರು.

ಮೊನ್ನೆ ರವಿವಾರ ಊಟ ಮುಗಿದಿತ್ತು, ಗೂಡ್ಸ್ ಗಾಡಿ ಬಂತು. ಅದರ ಗದ್ದಲದ ನಡುವೆ ನೆತ್ತಿಯ ಮೇಲೆ ಟಕ್, ಟಕ್, ಟಕ್. ನನಗೆ ಮೈಯುರಿದುಹೋಯಿತು. ನನ್ನ ಗೋಡೆ, ನನ್ನ ಗಿಲಾವು. ಧೋತರ ಎತ್ತಿಕಟ್ಟಿ ಮೂರು ಮೆಟ್ಟಿಲು ಹತ್ತಿದ್ದೆ, ಕೊನೆಯ ಡಬ್ಬಿ ದಾಟಿತು, ಮೇಲಿನ ಸದ್ದೂ ಗಪ್ಪಾಯಿತು. ಮಾಸ್ತರರು ಈಗ ಹೇಗೆ ನಿಂತಿದ್ದಾರೆಂದು ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಗೋಡೆಯಲ್ಲಿ ಅರ್ಧ ಮೊಳೆ, ಗಾಳಿಯಲ್ಲಿ ಸುತ್ತಿಗೆ, ಕಿಟಕಿಯಲ್ಲಿ ಹೆಂಡತಿ. ಮುಂದಿನ ಗಾಡಿ ಎಷ್ಟೊತ್ತಿಗೋ ಏನೋ.

ಸುಮ್ಮನೆ ಕೆಳಗಿಳಿದೆ. ಅಕ್ಕಿಯ ಡಬ್ಬದಿಂದ ಸುತ್ತಿಗೆ ತೆಗೆದು, ಏನೂ ತೂಗದ ನನ್ನ ಆ ಮೊಳೆಯ ಮೇಲೆ ಬಲವಾಗಿ ಬಾರಿಸತೊಡಗಿದೆ. ಅಪ್ಪನ ಫೋಟೋದ ಕೆಳಗೆ ಕೂತಿದ್ದ ಅವ್ವ, ಈಗ ಮತ್ತೇನು ಹಚ್ಚಿದಿ ಎಂದು ಕೇಳಿದಳು.

"ಗಾಡಿ ಬಂತಲ್ಲ ಅವ್ವಾ," ಎಂದೆ.

ಮೇಲೆ ಹೋಗಿ, ಧೈರ್ಯವಾಗಿ ಹೊಡೀರಿ ಎಂದು ಮಾಸ್ತರರಿಗೆ ಹೇಳಿಬಿಡಬಹುದಿತ್ತು. ಅದಕ್ಕೆ ಮನಸ್ಸು ಬರಲಿಲ್ಲ, ಎಷ್ಟೆಂದರೂ ಈಗ ನಾನು ಮಾಲಕ. ಕೈ ನೋಯುವ ತನಕ ಬಾರಿಸಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದಲೂ ಶುರುವಾಯಿತು, ಮೊದಲು ಅಂಜುತ್ತಂಜುತ್ತ, ಆಮೇಲೆ ನನ್ನಷ್ಟೇ ಜೋರಾಗಿ.