ಅರ್ಧ ಕ್ಷೌರದ ಅಳಿಯನ ಪರವಾಗಿ ಹಡಗಿನ ಕ್ಯಾಪ್ಟನ್ನರಿಗೆ

ನಮ್ಮ ಮೊಂಬಾಸಾ ಬಂದರಿಗೆ ಒಂದೇ ಒಂದು ದಿನದ ಮಟ್ಟಿಗೆ ದಯಮಾಡಿಸಿದ್ದ ಬಿಳಿ ಹಡಗಿನ ಕ್ಯಾಪ್ಟನ್ ಮಹಾಶಯರ ಸನ್ನಿಧಿಗೆ, ಹಳೇ ಪಟ್ಟಣದ ನಿವೃತ್ತ ಶಾಲಾ ಶಿಕ್ಷಕಿ ಮ್ವಾನಕೊಂಬೊ ಬಿಂತಿ ಶೀ ಮಾಡುವ ಸಾವಿರ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮ, ತಮ್ಮ ಹಡಗು ಕ್ಷೇಮ, ಹಡಗಿನೊಳಗಿನ ಈಜುಕೊಳಗಳೂ ಕ್ಷೇಮವೆಂದು ನಂಬಿದ್ದೇನೆ. ಸಮುದ್ರದ ಮೇಲೆ ಹೋಗುವಾಗ ದಾರಿಯಲ್ಲಿ ನೀರು ಸಿಕ್ಕದೇ ಹೋದೀತೆಂದು ಕೊಳಗಳನ್ನು ಜೊತೆಗೇ ಒಯ್ಯುವ ತಮ್ಮ ಮುಂದಾಲೋಚನೆಯನ್ನು ನಮ್ಮ ಬೀದಿಯವರು ಇನ್ನೂ ಕೊಂಡಾಡುತ್ತಿದ್ದಾರೆ.

ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವ ಉದ್ದೇಶ ನನಗಿಲ್ಲ. ತಮ್ಮ ಅಡುಗೆಮನೆಯಲ್ಲಿ ಬ್ರೆಡ್ಡು, ಬನ್ನು ಬೇಯಿಸುವ ಹಮಾದಿ ನನ್ನ ಅಳಿಯ. ನನ್ನ ಶಾಲೆಯಲ್ಲೇ ಅಕ್ಷರ ಕಲಿತವನಾದ್ದರಿಂದ ಅವನನ್ನು ಏಕವಚನದಲ್ಲಿ ಕರೆಯುತ್ತೇನೆ, ತಾವು ಅನ್ಯಥಾ ಭಾವಿಸಬಾರದು. ನಮ್ಮೂರಿನಿಂದ ಹಡಗಿಗೆ ಮರಳಿದಾಗ ಅವನ ತಲೆಯ ಬಲಭಾಗದಲ್ಲಿ ಕ್ಷೌರವಾಗಿದ್ದು ಎಡಭಾಗದಲ್ಲಿ ಆಗಿರಲಿಲ್ಲವೆಂಬ ಅಪರಾಧಕ್ಕಾಗಿ, ಮತ್ತು ಸ್ವಲ್ಪ ತಡವಾಗಿ ಓಡಿಬಂದನೆಂಬ ಇನ್ನೊಂದು ಅಪರಾಧಕ್ಕಾಗಿ, ಇನ್ನು ಮುಂದೆ ಅವನು ಯಾವ ಬಂದರಿನಲ್ಲೂ ನೆಲ ಮುಟ್ಟಕೂಡದೆಂದು ತಮ್ಮ ಅಧಿಕಾರಿಯೊಬ್ಬರು ಅಪ್ಪಣೆ ಮಾಡಿದ್ದಾರಂತೆ. ಬೇರೆ ಬಂದರುಗಳ ವಿಷಯದಲ್ಲಿ ನನ್ನ ತಕರಾರೇನೂ ಇಲ್ಲ. ಅಲ್ಲೆಲ್ಲ ಅವನಿಗೆ ಯಾರೂ ಇಲ್ಲ, ಇರಲೂ ಬಾರದು. ಆದರೆ ಏಪ್ರಿಲ್ ತಿಂಗಳಲ್ಲಿ ತಮ್ಮ ಹಡಗು ಮತ್ತೆ ಮೊಂಬಾಸಾಕ್ಕೆ ಬರುತ್ತದೆಂದು ಕೇಳಿದ್ದೇನೆ. ಆ ಒಂದು ದಿನ ಅವನು ಕಿಟಕಿಯೊಳಗಿಂದ ತನ್ನ ಊರನ್ನು ನೋಡುತ್ತ ಹಿಟ್ಟು ನಾದಬೇಕೆಂಬುದು ತಮ್ಮ ಶಿಸ್ತಿನ ಅಪೇಕ್ಷೆಯಾದರೆ, ಆ ಶಿಸ್ತಿನ ಪಾದಗಳಿಗೆ ನಮಸ್ಕರಿಸಿ, ನಡೆದದ್ದೇನೆಂದು ತಿಳಿಸುತ್ತೇನೆ.

ಹಮಾದಿ ಹಡಗು ಹತ್ತಿದಾಗ ನನ್ನ ಮಗಳು ಸೌದಾ ಬಸುರಿ. ಮೊಮ್ಮಗಳು ಲುಲು ಹುಟ್ಟಿದ್ದು, ಹಲ್ಲು ಬಂದದ್ದು, ಎದ್ದು ನಿಂತದ್ದು, ನನ್ನ ಕನ್ನಡಕವನ್ನು ಬಾವಿಗೆ ಹಾಕಿದ್ದು ಎಲ್ಲವೂ ಅವನ ಬೆನ್ನ ಹಿಂದೆಯೇ ಆಯಿತು. ಅಪ್ಪನೆಂದರೆ ಅವಳ ಪಾಲಿಗೆ ಫೋನಿನೊಳಗಿನ, ಅಂಗೈಯಷ್ಟು ಅಗಲದ ಒಂದು ಮುಖ, ಮೇಲೊಂದು ಬಿಳಿ ಟೋಪಿ. ಅಂಥದ್ದರಲ್ಲಿ ತಮ್ಮ ಹಡಗು ನಮ್ಮೂರಿಗೇ ಬರುತ್ತದೆಂದೂ, ಬೆಳಗಿನ ಕೆಲಸ ಮುಗಿಸಿ ಸಂಜೆಯೊಳಗೆ ಮರಳುವ ಷರತ್ತಿನ ಮೇಲೆ ಅವನಿಗೆ ಇಳಿಯಲು ಅನುಮತಿ ಇದೆಯೆಂದೂ ತಿಳಿದಾಗ, ಎರಡೂ ಮನೆಗಳಲ್ಲಿ ಸಂತೋಷಕ್ಕಿಂತ ಮೊದಲು ಜಗಳ ಹುಟ್ಟಿತು.

ಹಮಾದಿಯ ತಾಯಿ, ಅಂದರೆ ನನ್ನ ಬೀಗಿತ್ತಿ ರೆಹೆಮಾ, ಲಿಕೋನಿಯಲ್ಲಿದ್ದಾರೆ. ಲಿಕೋನಿಗೆ ಹೋಗಲು ಫೆರಿ ದೋಣಿ ಹತ್ತಬೇಕು. ಫೆರಿಗೆ ಕಾಯುವ ಜನದ ನಡುವೆ ನಿಂತರೆ ಮನುಷ್ಯನಿಗೆ ಮೊದಲು ಬೆವರು ಬರುತ್ತದೆ, ಆಮೇಲೆ ವೈರಾಗ್ಯ ಬರುತ್ತದೆ, ಫೆರಿ ಮಾತ್ರ ಕೊನೆಯಲ್ಲಿ ಬರುತ್ತದೆ. ಇದನ್ನು ನಾನು ಫೋನಿನಲ್ಲಿ ವಿನಯದಿಂದಲೇ ಹೇಳಿದೆ.

"ಹೆತ್ತವಳ ಮನೆಗೆ ಬರೋಕೆ ದಾರಿ ದೂರ ಆಯ್ತಾ?" ಎಂದರು ಬೀಗಿತ್ತಿ. "ನಿಮ್ಮನೆ ಬಂದರಿನ ಪಕ್ಕ ಇದೆ ಅಂತ ಮಗ ನಿಮ್ಮವನಾಗಿಬಿಡ್ತಾನಾ?"

"ಬೀಗಿತ್ತಿಯವರೇ, ಮಗ ನಿಮ್ಮವನೇ. ಊಟ ನಮ್ಮಲ್ಲಿ ಅಂದೆ, ಅಷ್ಟೇ," ಎಂದೆ.

"ಊಟವಂತೆ. ನಿಮ್ಮ ಪಿಲಾವು ತಿಂದು ಅವನಿಗೆ ಮದುವೆ ದಿನವೇ ಹೊಟ್ಟೆ ಕೆಟ್ಟಿತ್ತು."

ಹಮಾದಿಯಾದರೂ ಒಂದು ನಿರ್ಧಾರ ಹೇಳಬಹುದಿತ್ತು. ಅವನು ತಾಯಿಗೆ "ಆಯ್ತಮ್ಮ" ಎಂದ, ನನಗೆ "ಆಯ್ತು ಅತ್ತೆ" ಎಂದ, ಲಿಕೋನಿಯಲ್ಲಿ ಹೊಸದಾಗಿ ಕಟ್ಟುತ್ತಿರುವ ಗೋಡೆಯನ್ನು ನೋಡಲು ಬಾ ಎಂದ ತಮ್ಮನಿಗೂ "ಆಯ್ತೋ" ಎಂದ. ಎಲ್ಲರಿಗೂ ಆಯ್ತು ಅನ್ನುವ ಈ ಗುಣವನ್ನು ಅವನು ತಮ್ಮ ಹಡಗಿನ ಪ್ರಯಾಣಿಕರ ಸೇವೆಯಲ್ಲಿ ಸಂಪಾದಿಸಿದನೆಂದು ಕಾಣುತ್ತದೆ, ಶಾಲೆಯಲ್ಲಿ ಇರಲಿಲ್ಲ. ಸೌದಾಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಪರದೆಗಳನ್ನು ಒಗೆಯುವುದರಲ್ಲಿದ್ದೆ.

ಆ ದಿನ ಬಂದರಿನ ಬಾಗಿಲಲ್ಲಿ ನಾನು ಒಂದು ಟುಕ್‌ಟುಕ್ ಆಟೋ ನಿಲ್ಲಿಸಿಕೊಂಡಿದ್ದೆ, ಬೀಗಿತ್ತಿ ಇನ್ನೊಂದನ್ನು. ತಮ್ಮ ಪ್ರಯಾಣಿಕರು ಬಣ್ಣದ ಕಾಗದ ಹಿಡಿದು, ಆನೆ ನೋಡುವುದೋ, ಕೋಟೆ ನೋಡುವುದೋ, ಮರಳ ಮೇಲೆ ಮಲಗುವುದೋ ಎಂದು ಬಿಸಿಲಲ್ಲಿ ಚರ್ಚಿಸುತ್ತಿದ್ದರು. ಅವರ ಕಷ್ಟ ಕಂಡು ನನಗೆ ಅಯ್ಯೋ ಅನ್ನಿಸಿತು. ಆನೆಯಾಗಲಿ ಕೋಟೆಯಾಗಲಿ, ತನ್ನನ್ನು ನೋಡಲು ಬರಲಿಲ್ಲವೆಂದು ಮುನಿಸಿಕೊಂಡು ವರ್ಷಗಟ್ಟಲೆ ಮಾತು ಬಿಡುವುದಿಲ್ಲ.

ಅಷ್ಟರಲ್ಲಿ ಹಮಾದಿ ಹೊರಗೆ ಬಂದ. ಸೊರಗಿದ್ದ. ಕೂದಲು ಕಿವಿ ಮುಚ್ಚುವಷ್ಟು ಬೆಳೆದಿತ್ತು. ಕೈ ಚಾಚಿಕೊಂಡು, ಸೌದಾಳ ಸೊಂಟದ ಮೇಲಿದ್ದ ಮಗಳ ಹತ್ತಿರ ಬಂದ. ಲುಲು ಅವನನ್ನು ನೋಡಿ ಕಿಟಾರನೆ ಕಿರುಚಿ ಸೌದಾಳ ಕುತ್ತಿಗೆ ತಬ್ಬಿದಳು. "ಬಾಬಾ ಕಣೇ, ನಿನ್ನ ಬಾಬಾ," ಎಂದಳು ಸೌದಾ. ಮಗು ತಲೆ ಅಲ್ಲಾಡಿಸಿ ಅಮ್ಮನ ಚೀಲದೊಳಗಿದ್ದ ಫೋನನ್ನು ತೋರಿಸಿತು. ಬಾಬಾ ಇರುವುದು ಅದರೊಳಗೆ, ಈತ ಯಾರೋ ಎಂದು ಅದರ ವಾದ.

ಮಾನ್ಯರೇ, ಆ ಕ್ಷಣ ಅವನ ಮುಖವನ್ನು ತಾವು ನೋಡಬೇಕಿತ್ತು. ನಾನು ನೋಡಲಾರದೆ ಬೀಗಿತ್ತಿಯ ಜೊತೆ ಜಗಳಕ್ಕೆ ತಿರುಗಿಕೊಂಡೆ. ನನ್ನ ಟುಕ್‌ಟುಕ್ಕೋ ಅವರದ್ದೋ ಎಂದು ನಾವಿಬ್ಬರೂ ಸಾಕಷ್ಟು ಹೊತ್ತು ವಾದಿಸಿದ ಮೇಲೆ ಹಮಾದಿ ಬಾಯಿ ಬಿಟ್ಟ.

"ಅಮ್ಮ, ಅತ್ತೆ, ನಾನು ಮೊದಲು ಕ್ಷೌರ ಮಾಡಿಸ್ಕೋತೀನಿ."

"ಕ್ಷೌರವಾ?" ಎಂದೆವು ಇಬ್ಬರೂ. ಮಕ್ಕಳ ಮದುವೆಯಾದಂದಿನಿಂದ ನಾವಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

"ಈ ತಲೆ ನೋಡಿ ಅವಳು ಹೆದರ್ತಿದ್ದಾಳೆ. ಫೋನಲ್ಲಿ ಯಾವಾಗ್ಲೂ ಟೋಪಿ ಹಾಕ್ಕೊಂಡಿರ್ತೀನಿ. ನನಗೆ ಕೂದಲಿದೆ ಅಂತಾನೇ ಅವಳಿಗೆ ಗೊತ್ತಿಲ್ಲ."

ಹೀಗೆ ತಮ್ಮ ಹಡಗು ಕರುಣಿಸಿದ ಏಕೈಕ ದಿನವನ್ನು ಕಳೆಯಲು ನಾವು ಹೋದದ್ದು ಓಮಾರಿಯ ಕ್ಷೌರದಂಗಡಿಗೆ. ಓಮಾರಿ ಹಮಾದಿಯ ಬಾಲ್ಯದ ಗೆಳೆಯ. "ಬಾರೋ ಹಡಗಪ್ಪ, ತಲೆ ಮೇಲೆ ಏನೋ ಅದು, ತೆಂಗಿನ ನಾರಾ?" ಎಂದು ಸ್ವಾಗತಿಸಿ ಕತ್ತರಿ ಹಿಡಿದ. ಬಲಭಾಗ ಮುಗಿಯಿತು. ಹೊರಗಿನ ಬೆಂಚಿನ ಮೇಲೆ ಲುಲು ಫೋನು ಬೇಕೆಂದು ಅಳುತ್ತಲೇ ಇದ್ದಳು. ಆ ಅಳು ಕೇಳಲಾರದೆ ಹಮಾದಿ "ತಡಿ ಮಾರಾಯ" ಎಂದು ಓಮಾರಿಯ ಕೈ ಸರಿಸಿ, ಅಲ್ಲಿದ್ದ ಬಿಳಿ ಟವೆಲನ್ನು ಟೋಪಿಯ ಹಾಗೆ ತಲೆಗೆ ಸುತ್ತಿಕೊಂಡು, ಬಾಗಿಲ ಪರದೆಯ ಹಿಂದೆ ಹೋಗಿ ಸೌದಾಳ ಫೋನಿಗೆ ಕರೆ ಮಾಡಿದ.

ಫೋನಿನಲ್ಲಿ ಮುಖ ಮೂಡಿದ್ದೇ ತಡ ಲುಲು ಅಳು ನಿಲ್ಲಿಸಿ, ದಿನವೂ ಮಾಡುವಂತೆ ಗಾಜಿಗೆ ಮುತ್ತಿಟ್ಟಳು.

"ಲುಲು, ನಾನು ಆಚೆ ಬರ್ಲಾ?" ಎಂದ ಫೋನಿನ ಬಾಬಾ.

ಪರದೆ ಸರಿಯಿತು. ಮಗು ಫೋನನ್ನು ನೋಡಿತು, ಅವನನ್ನು ನೋಡಿತು, ಮತ್ತೆ ಫೋನನ್ನು ನೋಡಿತು. ಅವನು ಮೊಣಕಾಲೂರಿ ಕುಳಿತ. ಮಗು ಇಳಿದುಹೋಗಿ ಒಂದು ಬೆರಳಿನಿಂದ ಅವನ ಮೂಗನ್ನು ಒತ್ತಿ ಪರೀಕ್ಷಿಸಿತು. ಬಳಿಕ, ನಮಗೆಲ್ಲ ಇಷ್ಟು ಹೊತ್ತು ಕೊಟ್ಟ ಕಾಟಕ್ಕೆ ಯಾವ ವಿವರಣೆಯನ್ನೂ ನೀಡದೆ, ಅವನ ಎದೆಯ ಮೇಲೆ ಹತ್ತಿಕೊಂಡಿತು. ಟವೆಲು ಜಾರಿ ಬಿತ್ತು. ಲುಲು ಆ ಅರ್ಧ ತಲೆಯನ್ನು ಸುಮ್ಮನೆ ನೋಡಿ, ಕೂದಲಿದ್ದ ಕಡೆ ಮುಷ್ಟಿ ತುಂಬ ಹಿಡಿದುಕೊಂಡು, ಅತ್ತು ದಣಿದಿದ್ದಳಲ್ಲ, ಅವನು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ನಿದ್ದೆ ಹೋದಳು.

ತಮ್ಮ ಅಧಿಕಾರಿಗಳು ಅಪರಾಧವೆಂದು ಕರೆದ ಎಡಭಾಗದ ಕೂದಲು ಇದೇ. ಅದು ಓಮಾರಿಯ ಕತ್ತರಿಗೆ ಸಿಗಲಿಲ್ಲ, ನನ್ನ ಮೊಮ್ಮಗಳ ವಶದಲ್ಲಿತ್ತು.

ನಾನು, "ಮಗುವನ್ನ ಮೆಲ್ಲಗೆ ಎತ್ಕೊಳ್ಳಿ, ಮನೆಗೆ ಹೋಗೋಣ, ಊಟ ಆರುತ್ತೆ," ಎಂದೆ. "ಯಾವ ಮನೆಗೆ?" ಎಂದರು ಬೀಗಿತ್ತಿ. ಆಗ ಸೌದಾ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು, ಗಂಡನ ಮಂಡಿಗೆ ತಲೆಯಾನಿಸಿ ಹೇಳಿದಳು: "ಯಾವ ಮನೆಗೂ ಬೇಡ. ಯಾರೂ ಅವಳನ್ನ ಎಬ್ಬಿಸ್ಬೇಡಿ. ನನ್ನನ್ನೂ."

ಮಗಳು ನನಗೆ ಎದುರಾಡಿದ್ದು ಕಡಿಮೆ. ನಾನು ಪಿಲಾವಿನ ಪಾತ್ರೆಯನ್ನು ಅಲ್ಲಿಗೇ ತರಿಸಿದೆ. ಬೀಗಿತ್ತಿಯ ತೆಂಗಿನಹಾಲಿನ ಮೀನು ಫೆರಿ ದಾಟಿ ತಡವಾಗಿ ಬಂತು. ಅಳಿಯನ ಎರಡೂ ಕೈ ಮಗುವಿಗೆ ಮೀಸಲಾಗಿದ್ದರಿಂದ, ಈ ಕಡೆ ನಿಂತು ನಾನೊಂದು ತುತ್ತು, ಆ ಕಡೆ ನಿಂತು ಅವರೊಂದು ತುತ್ತು ತಿನ್ನಿಸಿದೆವು. ಆ ಮೀನು ರುಚಿಯಾಗಿತ್ತೆಂದು ಬರೆಯಲು ನನ್ನ ಪೆನ್ನು ಒಪ್ಪುತ್ತಿಲ್ಲ. ಆದರೂ ಸತ್ಯವನ್ನು ಮರೆಮಾಚುವ ಅಭ್ಯಾಸ ನನಗಿಲ್ಲ. ಬೀಗಿತ್ತಿ ನನ್ನ ಪಿಲಾವನ್ನು ಎರಡನೇ ಸಲ ಬಡಿಸಿಕೊಂಡರು.

ತಮ್ಮ ಪ್ರಯಾಣಿಕರಲ್ಲೊಬ್ಬ ವೃದ್ಧ ಮಹಿಳೆ ಕಾಗದ ಹಿಡಿದು ದಾರಿ ತಪ್ಪಿ ಒಳಗೆ ಬಂದು, "ಇಲ್ಲಿ ಏನು ತೋರಿಸ್ತೀರಿ?" ಎಂದು ಕೇಳಿದರು.

"ಮಗು ಮಲಗಿದೆ," ಎಂದ ಓಮಾರಿ ಪಿಸುದನಿಯಲ್ಲಿ.

ಅವರು ಕಾಗದವನ್ನು ಮಡಚಿ ಕೈಚೀಲಕ್ಕೆ ಹಾಕಿ ಬೆಂಚಿನ ಮೇಲೆ ಕುಳಿತರು. ಕೋಟೆಗಳನ್ನು ಬೇಕಾದಷ್ಟು ನೋಡಿದ್ದಾಗಿದೆ ಎಂದರು, ಪಿಲಾವು ತಿಂದರು, ಬಾಗಿಲಲ್ಲಿ ಗಟ್ಟಿಯಾಗಿ ಮಾತಾಡಿದ ಗಿರಾಕಿಯೊಬ್ಬನನ್ನು ಗದರಿದರು. ವಿಚಾರಣೆ ನಡೆಸುವುದಾದರೆ ತಾವು ಅವರನ್ನು ಸಾಕ್ಷಿಯಾಗಿ ಕರೆಸಬಹುದು; ಹಮಾದಿಯ ಬನ್ನನ್ನು ದಿನವೂ ಬೆಳಿಗ್ಗೆ ತಿನ್ನುವವರಂತೆ.

ಆಮೇಲೆ ತಮ್ಮ ಹಡಗು ಕೂಗಿತು. ಎಂಥ ಕೂಗು, ಮಾನ್ಯರೇ. ಕನ್ನಡಿ ನಡುಗಿತು, ಮಗು ಬೆಚ್ಚಿ ಎದ್ದಿತು. ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದವಳು ಸೌದಾ. ಹಮಾದಿ ಮಗುವಿನ ನೆತ್ತಿ ಮೂಸಿ, ನಮ್ಮ ಯಾರ ಮುಖವನ್ನೂ ನೋಡದೆ ಓಡಿದ. ಅರ್ಧ ತಲೆಯ ಮನುಷ್ಯ ಓಡುವುದನ್ನು ಕಂಡು ಬೀದಿಯವರು ನಕ್ಕರು. ನಾನು, ಬೀಗಿತ್ತಿ, ಒಬ್ಬರ ಸೆರಗನ್ನು ಇನ್ನೊಬ್ಬರು ಹಿಡಿದುಕೊಂಡು ನಿಂತಿದ್ದೆವು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಏಪ್ರಿಲ್‌ನಲ್ಲಿ ಹಮಾದಿಯನ್ನು ಇಳಿಸಬೇಕು. ಸಾಧ್ಯವಾದರೆ ಆ ಸಲ ತಮ್ಮ ಎಂಜಿನ್ನಿಗೆ ನಮ್ಮ ಬಂದರಿನಲ್ಲೇ ಒಂದು ಸಣ್ಣ ಕಾಯಿಲೆ ಬರಬೇಕು; ಯಾರಿಗೂ ಅಪಾಯವಿಲ್ಲದ, ಆದರೆ ಗುಣವಾಗಲು ಮೂರು ದಿನ ಹಿಡಿಯುವಂಥದ್ದು. ಒಂದು ದಿನ ಲಿಕೋನಿಗೆ, ಒಂದು ದಿನ ನಮಗೆ, ಮತ್ತೊಂದು ದಿನ ಸೌದಾಳಿಗೆ. ಲಿಕೋನಿಗೇ ಮೊದಲ ದಿನವಾಗಲೆಂದು ನಾನು ಒಪ್ಪಿದ್ದೇನೆ. ಹಡಗು ಕೂಗಲೇಬೇಕಿದ್ದರೆ ಸಮುದ್ರದ ಕಡೆ ಮುಖಮಾಡಿ ಕೂಗಲಿ.

ಇನ್ನೊಂದು ವಿಷಯ. ಈಗ ಹಮಾದಿ ಕರೆ ಮಾಡಿದರೆ ಲುಲು ಗಾಜಿಗೆ ಮುತ್ತಿಡುವುದಿಲ್ಲ. ಫೋನನ್ನು ತಿರುಗಿಸಿ ಅದರ ಹಿಂದೆ ನೋಡುತ್ತಾಳೆ. ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ನಮ್ಮ ಮನೆಯ ಪರದೆಗಳನ್ನು ಒಂದೊಂದಾಗಿ ಸರಿಸುತ್ತ ಹೋಗುತ್ತಾಳೆ.

ಏಪ್ರಿಲ್ ತಿಂಗಳವರೆಗಂತೂ ತಮ್ಮ ವಿಶ್ವಾಸಿ,
ಮ್ವಾನಕೊಂಬೊ ಬಿಂತಿ ಶೀ

ತಾ.ಕ.: ತಮ್ಮ ಬಗ್ಗೆಯೂ ಅಳಿಯನಲ್ಲಿ ವಿಚಾರಿಸಿದೆ. ತಮ್ಮ ಸ್ವಂತ ಊರಿನಲ್ಲಿ ಬಂದರಿದ್ದರೂ ಈ ಹಡಗು ಆ ದಿಕ್ಕಿಗೇ ಹೋಗುವುದಿಲ್ಲವಂತೆ. ಹಾಗಿದ್ದಲ್ಲಿ ಮೇಲೆ ಬರೆದ ಮಾತುಗಳಲ್ಲಿ ಅರ್ಧದಷ್ಟನ್ನು ಹಿಂದಕ್ಕೆ ಪಡೆದಿದ್ದೇನೆ. ಯಾವ ಅರ್ಧವೆಂಬುದನ್ನು ತಾವೇ ಆರಿಸಿಕೊಳ್ಳಬಹುದು. ದಯವಿಟ್ಟು ತಮ್ಮ ತಾಯಿಯವರ ವಿಳಾಸವನ್ನು ಕಳಿಸಿಕೊಡಿ. ತಮ್ಮ ಮೇಲಿನ ದೂರನ್ನು ಇನ್ನು ಮುಂದೆ ಅವರಿಗೇ ಬರೆಯುವುದು ಸೂಕ್ತ. ನನಗೆ ಉತ್ತರ ಬರೆಯಲು ಅವರ ಹತ್ತಿರವೂ ಸಾಕಷ್ಟು ದೂರುಗಳು ಇರಬಹುದು.