ಕ್ಯಾಶ್‌ಲೆಸ್ ಹಲ್ಲು

ಸಂಭಾಜಿನಗರದ ನನ್ನ ಬಾಡಿಗೆ ಖೋಲಿಗೆ ನೆಂಟರು ಬರುವುದಿಲ್ಲ. ಫಜೀತಿಗಳು ಮಾತ್ರ ವಿಳಾಸ ಕೇಳದೆ ಬರುತ್ತವೆ. ನಾನು ಬಿಜಾಪುರದ ಕಡೆಯವನು. ಸಂಸಾರ ನಾಶಿಕದಲ್ಲಿ, ಹೆಂಡತಿಗೆ ಅಲ್ಲೇ ಶಾಲೆಯಲ್ಲಿ ನೌಕರಿ. ಬಿಡಕಿನ್‌ನ ಹೊಸ ಕಾರ್ಖಾನೆಗೆ ವರ್ಗವಾದ ಮೇಲೆ ನಾನು ಒಬ್ಬನೇ. ರವಿವಾರ ರಜೆ ಸಿಕ್ಕರೆ ಬಸ್ಸು ಹಿಡಿದು ನಾಶಿಕಕ್ಕೆ ಹೋಗುತ್ತೇನೆ.

೧. ಗಲ್ಲ

ದವಡೆ ಹಲ್ಲು ನೋಯತೊಡಗಿ ಗಲ್ಲ ಬಾತಿತು. ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನ್ನದು ಮೊದಲೇ ಮಾತು ಕಡಿಮೆ. ಕೊನೆಗೆ ಮನೆ ಮಾಲಕರ ಮುದುಕಿ ತಾಯಿ ಮೆಟ್ಟಿಲ ಹತ್ತಿರ ತಡೆದು ನನ್ನ ಮುಖವನ್ನೇ ನೋಡಿದರು. ಒಬ್ಬರಾದರೂ ಗಮನಿಸಿದರಲ್ಲ ಎಂದು ಬಾತ ಗಲ್ಲವನ್ನು ಅವರತ್ತ ತಿರುಗಿಸಿದೆ.

‘ತಬ್ಯೇತ್ ಛಾನ್ ಆಗಿದೆ ನಿಂದು, ಗಲ್ಲ ತುಂಬಿಕೊಂಡಿದೆ,’ ಎಂದರು ಆಜಿ. ‘ಈಗ ಸರಿಯಾಗಿ ಊಟ ಮಾಡ್ತಿದ್ದೀ ಅಂತ ಕಾಣ್ತದೆ.’

೨. ವಿಮೆ

ಕಂಪನಿಯ ವಿಮೆಯಲ್ಲಿ ಹಲ್ಲಿನ ಖರ್ಚೂ ಸೇರಿತ್ತು. ಧೈರ್ಯವಾಗಿ ದವಾಖಾನೆಗೆ ಹೋದೆ. ಕೌಂಟರಿನ ಹುಡುಗಿ ರೂಟ್ ಕೆನಾಲಿನ ಪೂರ್ತಿ ಹಣ ಮುಂಗಡ ಕೇಳಿದಳು.

‘ವಿಮೆ ಅದ ಅಲ್ಲರೀ?’ ಎಂದೆ.

‘ಇದೆ ಸರ್. ಮೊದಲು ನೀವು ಕಟ್ಟಿ, ಆಮೇಲೆ ಅವರು ನಿಮಗೆ ವಾಪಸ್ ಕೊಡ್ತಾರೆ.’

‘ಕ್ಯಾಶ್‌ಲೆಸ್, ಕೈಯಿಂದ ಕೊಡೋದಿಲ್ಲ ಅಂತ ಕಂಪನಿಯವರು ಹೇಳಿದ್ರಲ್ಲ?’

‘ಕ್ಯಾಶ್‌ಲೆಸ್ಸೇ ಸರ್. ನಾವು ನೋಟು ಮುಟ್ಟೋದೇ ಇಲ್ಲ. ಇಲ್ಲಿ ಸ್ಕ್ಯಾನ್ ಮಾಡಿ.’

ನೋವಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಸ್ಕ್ಯಾನ್ ಮಾಡಿದೆ. ಖಾತೆ ಖಾಲಿಯಾಯಿತು.

೩. ತಮ್ಮ

ಕೆಲಸ ಮುಗಿಸಿ ಡಾಕ್ಟರು, ‘ಜೊತೆಗೆ ಯಾರಿದ್ದಾರೆ?’ ಎಂದು ಕೇಳಿದರು. ಯಾರೂ ಇಲ್ಲ ಎನ್ನಲು ಬಾಯಿ ತಿರುಗಲಿಲ್ಲ. ಇಂಜೆಕ್ಷನ್ನಿಗೆ ಅರ್ಧ ಮುಖ ಜೋಮು ಹಿಡಿದಿತ್ತು. ಆಗಲೇ ನನ್ನನ್ನು ಕರೆತಂದ ಆಟೋದವನು, ಇನ್ನೆಷ್ಟು ಹೊತ್ತು ಎಂದು ಕೇಳಲು ಬಾಗಿಲಲ್ಲಿ ಇಣುಕಿದ. ಡಾಕ್ಟರು ಅವನನ್ನು ನನ್ನ ತಮ್ಮ ಎಂದುಕೊಂಡು, ಖಿಚಡಿಯಂಥ ಮೆತ್ತಗಿನದು ಉಣಿಸು, ಚೆನ್ನಾಗಿ ನೋಡಿಕೋ ಎಂದೆಲ್ಲ ಹೇಳಿದರು. ಅವನು ಎಲ್ಲದಕ್ಕೂ ‘ಹೋ, ಹೋ’ ಎಂದು ತಲೆಯಾಡಿಸಿದ.

ದಾರಿಯಲ್ಲಿ ಆಟೋ ನಿಲ್ಲಿಸಿ ತನ್ನ ದುಡ್ಡಿನಲ್ಲೇ ಖಿಚಡಿ ಕಟ್ಟಿಸಿ ತಂದ. ಈ ಊರಲ್ಲಿ ನನಗೂ ಒಬ್ಬ ತಮ್ಮ ಸಿಕ್ಕ ಎನಿಸಿತು. ಇಳಿದು, ಜೇಬಿನ ಚಿಲ್ಲರೆಯಲ್ಲಿ ಬಾಡಿಗೆ ಎಣಿಸಿ ಕೊಟ್ಟೆ. ಅವನು ಚಾಚಿದ ಕೈ ಹಿಂದೆಗೆಯಲಿಲ್ಲ.

‘ವೇಟಿಂಗ್ ಚಾರ್ಜ್ ಬೇರೆ, ಭಾವೂ,’ ಎಂದು ಮರಾಠಿಯಲ್ಲಿ ಅಣ್ಣನೆಂದೇ ಕರೆದ. ‘ಖಿಚಡಿ ಉಣಿಸು ಅಂತ ಡಾಕ್ಟರ್ ಹೇಳಿದ್ರು. ವೇಟಿಂಗ್ ಬಿಡು ಅಂತ ಹೇಳಲಿಲ್ಲ.’

೪. ಫೋನು

ಬಸ್ಸಿನ ದುಡ್ಡೂ ಹಲ್ಲಿಗೇ ಹೋಗಿತ್ತು. ರವಿವಾರ ಬರುವುದಿಲ್ಲ ಎಂದು ಹೇಳಲು ಸಂಜೆ ಹೆಂಡತಿಗೆ ಫೋನ್ ಹಚ್ಚಿದೆ. ಜೋಮು ಇನ್ನೂ ಇಳಿದಿರಲಿಲ್ಲ. ‘ಎಲ್ಲಾ ಹೋತು, ಬರಾಕ ಆಗೂದಿಲ್ಲ’ ಎಂದದ್ದು ನನಗೇ ಬಿಕ್ಕಿದಂತೆ ಕೇಳಿಸಿತು.

ಅವಳು ಸಣ್ಣ ದನಿಯಲ್ಲಿ, ‘ಅಳಾಕ ಹತ್ತೀರೇನ್ರಿ?’ ಎಂದಳು.

ಇಲ್ಲ ಎಂದೆ. ಅದೂ ಬಿಕ್ಕಿದಂತೆಯೇ ಬಂತು.

‘ಸುಮ್ನಿರ್ರಿ. ನಾಳೆ ನಾನ ಬರ್ತೀನಿ.’

ವಿಷಯ ಇಷ್ಟೇ ಎಂದು ಮೆಸೇಜು ಬರೆದು ತಿಳಿಸಬಹುದಿತ್ತು. ತಿಳಿಸಲಿಲ್ಲ. ಖೋಲಿ ಗುಡಿಸಿ, ಎರಡನೇ ತಲೆದಿಂಬಿಗೆ ಕವರು ಹಾಕಿದೆ.

ಮರುದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ನನ್ನ ಗಲ್ಲ ಹಿಡಿದು ನೋಡಿದಳು. ಅಷ್ಟರಲ್ಲಿ ಬಾಯಿ ನೆಟ್ಟಗಾಗಿತ್ತು. ಹಲ್ಲು, ವಿಮೆ, ಮುಂಗಡ ಎಲ್ಲ ಹೇಳಿದೆ. ಅವಳು ಗಲ್ಲ ಬಿಟ್ಟು ಚೀಲ ನನ್ನ ಕೈಗೆ ಕೊಟ್ಟಳು.

‘ಮದುವಿ ಆದಾಗಿಂದ ಮೊದಲನೇ ಸಲ ನನ್ನ ನೆನಸಿ ಅತ್ರಿ ಅಂತ ಶಾಲೆಗೆ ರಜಾ ಹಾಕಿ ಬಂದೀನಿ,’ ಎಂದಳು. ‘ಸ್ಟಾಫ್ ರೂಮಿನಾಗ ಎಲ್ಲರಿಗೂ ಹೇಳಿ ಬ್ಯಾರೆ ಬಂದೀನಿ. ಈಗ ಹೋಗಿ ಏನಂತ ಹೇಳ್ಲಿ, ಅತ್ತದ್ದು ಇನ್ಶೂರೆನ್ಸ್ ನೆನಸಿ ಅಂತನಾ?’