ಯಾರಿಗೂ ತೆರೆಯದ ವಿಪಿಎನ್

ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮ ಗೋಡೆಗಂತೂ ನನ್ನದೇ ಇದೆ. ಈಗ ಹೇಳುವುದು ನಿಮ್ಮ ಹೊಟ್ಟೆಯಲ್ಲೇ ಇರಲಿ. ಈ ಬೀದಿಯವರನ್ನು ಬಿಟ್ಟರೆ ನಾನು ಬೇರೆ ಯಾರಿಗೂ ಹೇಳಿಲ್ಲ.

ವಿಷಯ ಇಷ್ಟೇ: ಬೀದಿ ಕೊನೆಯ ಹಾಸಿಗೆ ಕಾರ್ಖಾನೆಯಲ್ಲಿ, ಮನೆಯಿಂದ ಕೆಲಸ ಮಾಡುವವರು ಪ್ರತಿದಿನ ತಪ್ಪದೆ ಕಾರ್ಖಾನೆಗೆ ಹಾಜರಾಗತಕ್ಕದ್ದು.

ಹಾಗೆ ಹಾಜರಾಗುವವಳು ನನ್ನ ಪಕ್ಕದ ಮನೆಯವಳು. ಅಲ್ಲಿ ಲೆಕ್ಕ ನೋಡುತ್ತಾಳೆ. ಅವಳ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿಬಿಟ್ಟರು. ಗಂಡ ಲಾರಿಯವನು, ಮನೆಗೆ ಬಂದರೆ ನೆಂಟನ ಹಾಗೆ. ಇವಳು ಮನೆಯಲ್ಲಿ ಕೂತರೆ ಕೆಲಸ ಹೋಗುತ್ತದೆ, ಕೆಲಸಕ್ಕೆ ಹೋದರೆ ಅತ್ತೆಗೆ ಒಂದು ಲೋಟ ನೀರು ಕೊಡುವವರಿಲ್ಲ. "ನಾನಿದ್ದೀನಲ್ಲೇ" ಅಂದೆ. ಯಾಕೋ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋಗಿ ಕಾರ್ಖಾನೆಯ ಯಜಮಾನರನ್ನು ಕೇಳಿದಳು, "ಮನೆಯಿಂದಲೇ ಲೆಕ್ಕ ನೋಡ್ತೀನಿ ಸಾರ್. ಒಂದು ವಿಪಿಎನ್ ಹಾಕಿಸಿಕೊಡಿ."

ವಿಪಿಎನ್ ಅಂದರೆ ಮನೆಯ ಕಂಪ್ಯೂಟರಿನಿಂದ ಕಾರ್ಖಾನೆಯ ಕಂಪ್ಯೂಟರಿಗೆ ಕಳ್ಳರ ಕಣ್ಣಿಗೆ ಬೀಳದೆ ಹೋಗುವ ದಾರಿ, ನೆಲದೊಳಗಿನ ಸುರಂಗದ ಹಾಗೆ. ಶಾಲೆಯ ಮೆಟ್ಟಿಲನ್ನು ಅರ್ಧ ಹತ್ತಿ ಇಳಿದವಳು ನಾನು, ನನಗೇ ಅರ್ಥವಾಯಿತು. ಯಜಮಾನರು ಮಾತ್ರ ಅದನ್ನು ಆರಿಸಲು ಸಭೆ ಕರೆದರು. ನನ್ನ ತಂಗಿಯ ಮಗಳು ಅಲ್ಲಿ ಕಸ ಗುಡಿಸುತ್ತಾಳೆ. ಅವತ್ತು ಸಭೆಯ ಕೋಣೆಯನ್ನು ಊಟದ ಹೊತ್ತಿನವರೆಗೂ ಗುಡಿಸಿದಳು.

ಮೊದಲು ಬಂದವನು ಟೈ ಕಟ್ಟಿದ ಮಾರಾಟಗಾರ.

"ಇದರಲ್ಲಿ ಕಳ್ಳರು ನುಗ್ಗೋಕಾಗಲ್ಲ ಸಾರ್. ಪಾಸ್‌ವರ್ಡ್ ಇದ್ದವರು ಮಾತ್ರ ಒಳಗೆ ಬರಬಹುದು."

"ಅದು ಯಾರ ಹತ್ರ ಇರುತ್ತೆ?"

"ನಿಮ್ಮ ಲೆಕ್ಕದವರ ಹತ್ರ."

"ಅಂದ್ರೆ ಅವಳು ಒಳಗೆ ಬರ್ತಾಳೆ."

"ಬರಲೇಬೇಕಲ್ಲ ಸಾರ್. ಅದಕ್ಕೇ ತಾನೇ ಇದು ಇರೋದು?"

ಯಜಮಾನರು ಮುಖ ಸಿಂಡರಿಸಿ, ಇದನ್ನು ದೋಷವೆಂದು ಪರಿಗಣಿಸಿದರು.

ಆಮೇಲೆ ಎದ್ದವನು ಅವರ ಹೆಂಡತಿಯ ತಮ್ಮ. ಅಲ್ಲಿಯವರೆಗೆ ಮೀನು ಸಾಕುವ ಗಾಜಿನ ಪೆಟ್ಟಿಗೆ ಮಾರುತ್ತಿದ್ದ.

"ಇವರದ್ದು ಬಿಡಿ ಭಾವ. ನಾನು ತರೋದ್ರಲ್ಲಿ ಯಾರೂ ಒಳಗೆ ಬರೋಕಾಗಲ್ಲ."

"ಯಾರೂ ಅಂದ್ರೆ?"

"ನೀವೂ."

ಸುರಕ್ಷತೆಯಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲವೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ಸಭೆಯಲ್ಲಿ ಇದ್ದವರು ಯಜಮಾನರು, ಅವರ ಹೆಂಡತಿ, ಹೆಂಡತಿಯ ತಮ್ಮ.

ಮಾರನೆಯ ದಿನ ಪಕ್ಕದವಳು ಮನೆಯಿಂದ ಸ್ಪೀಕರ್ ಹಾಕಿ ಫೋನ್ ಮಾಡಿದಳು. ಗೋಡೆಯ ಈಚೆಗೆ ನಾನು ಅಕ್ಕಿ ಆರಿಸುತ್ತಿದ್ದೆ.

"ಸಾರ್, ಒಳಗೆ ಹೋಗೋಕೇ ಆಗ್ತಿಲ್ಲ."

"ಭೇಷ್. ಹಾಗಾದ್ರೆ ಕೆಲಸ ಮಾಡ್ತಿದೆ."

"ನಾನು ಹೇಗೆ ಕೆಲಸ ಮಾಡ್ಲಿ ಸಾರ್? ಆಗಲ್ಲ ಅಂದ್ರೆ ಬಿಟ್ಟುಬಿಡ್ತೀನಿ. ಅತ್ತೇನ ಒಬ್ಬರನ್ನೇ ಬಿಟ್ಟು ಬರೋಕಾಗಲ್ಲ."

ಲೆಕ್ಕ ಬಲ್ಲವಳು ಅವಳೊಬ್ಬಳೇ. ಸಂಜೆಗೆ ಕಾರ್ಖಾನೆಯ ಬಾಗಿಲಲ್ಲಿ ಪ್ರಕಟಣೆ ಅಂಟಿತು:

"ಮನೆಯಿಂದ ಕೆಲಸ ಮಾಡುವ ಸಿಬ್ಬಂದಿಯ ಗಮನಕ್ಕೆ. ಉಗ್ರಾಣದ ಪಕ್ಕದ ಕೋಣೆಯನ್ನು ಇಂದಿನಿಂದ ಮನೆಯೆಂದು ಪರಿಗಣಿಸಲಾಗಿದೆ. ಸದರಿ ಸಿಬ್ಬಂದಿ ಬೆಳಗ್ಗೆ ಕಾರ್ಖಾನೆಗೆ ಬಂದು ಮನೆಯಲ್ಲಿರತಕ್ಕದ್ದು. ಕಾರ್ಖಾನೆಯ ಕಂಪ್ಯೂಟರಿನಿಂದ ಮನೆಗೆ ಗೋಡೆ ಕೊರೆದು ತಂತಿ ಎಳೆಯಲಾಗುವುದು. ಇದನ್ನು ಸುರಂಗವೆಂದು ತಿಳಿಯತಕ್ಕದ್ದು. ಮನೆಯವರನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅಭ್ಯಂತರವಿಲ್ಲ."

ಗೋಡೆ ಕೊರೆದಿದ್ದಕ್ಕೆ ಭಾವಮೈದ ಬಿಲ್ಲು ಕೊಟ್ಟ. ತಂತಿ ಅಲ್ಲೇ ಇರುವುದಕ್ಕೆ ತಿಂಗಳು ತಿಂಗಳೂ ಇನ್ನೊಂದು ಬಿಲ್ಲು ಕೊಡುತ್ತಾನೆ.

ಅತ್ತೆಯನ್ನು ಹಾಸಿಗೆ ಸಾಗಿಸುವ ವ್ಯಾನಿನಲ್ಲಿ ಸಾಗಿಸಿದರು. ಹೊಸ ಮಾದರಿಯ ಹಾಸಿಗೆಯ ಮೇಲೆ ಮಲಗಿಸಿ, ಕಿಟಕಿಗೆ ಮುಖ ಮಾಡಿಸಿದರು. ಒಂದು ವಾರದೊಳಗೆ ಯಜಮಾನರು ಗಿರಾಕಿಗಳನ್ನು ಅತ್ತ ಕರೆದುಕೊಂಡು ಬರತೊಡಗಿದರು.

"ನೋಡಿ, ಇವರು ಹಗಲೆಲ್ಲ ಇದರ ಮೇಲೇ ಮಲಗಿರ್ತಾರೆ. ಬೆನ್ನಲ್ಲಿ ಒಂದು ಗಾಯ ಇದೆಯಾ, ನೀವೇ ಕೇಳಿ."

"ಗಾಯ ಇಲ್ಲಪ್ಪ, ಆದರೆ ತಲೆದಿಂಬು ಸಾಲದು" ಎಂದರು ಅತ್ತೆ. ಗಿರಾಕಿಗಳು ತಲೆದಿಂಬನ್ನೂ ಕೊಂಡರು. ಅತ್ತೆಯ ಮುಖಕ್ಕೆ ಕಳೆ ಬಂತು. ಈಗ ಭಾನುವಾರ ಸ್ವಂತ ಮನೆಯಲ್ಲಿ ಮಲಗಿಸಿದರೆ, ನೋಡಲು ಯಾರೂ ಬರುವುದಿಲ್ಲವೆಂದು ಸೊಸೆಯ ಮೇಲೆ ರೇಗುತ್ತಾರೆ. ಕಾರ್ಖಾನೆಯ ಹೊಲಿಗೆಯವರೂ ತಮ್ಮ ತಮ್ಮ ಮುದುಕರಿಗೆ ಜಾಗ ಕೇಳಿ ಅರ್ಜಿ ಹಾಕಿದ್ದಾರೆ. ಬೆನ್ನು ಪರೀಕ್ಷಿಸಿ ತೆಗೆದುಕೊಳ್ಳಲಾಗುವುದಂತೆ.

ಇಂಥ ಅನ್ಯಾಯ ಕಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೊನ್ನೆ ಅತ್ತೆಯನ್ನು ಮಾತಾಡಿಸುವ ನೆವದಲ್ಲಿ ಹೋದೆ. ಕಾವಲಿನವನು ಗೇಟಿನಲ್ಲೇ ತಡೆದು, ಅದು ಮನೆ, ಮನೆಯವರು ಒಪ್ಪಿದರೆ ಮಾತ್ರ ಬಿಡುತ್ತೇನೆ ಅಂದ. ಪಕ್ಕದವಳು ಕಿಟಕಿಗೆ ಬಂದಳು.

"ನಿನ್ನ ಕಣ್ಣಿಗೆ ಮಣ್ಣೆರಚಿದ್ದಾರಲ್ಲೇ" ಅಂದೆ. "ಮನೆ ಅಂತ ಹೇಳಿ ಗೋದಾಮಿನಲ್ಲಿ ಕೂರಿಸಿದ್ದಾರೆ. ನೀನೂ ಕೋಲೆಬಸವನ ಹಾಗೆ ತಲೆ ಆಡಿಸ್ತೀಯಲ್ಲ."

ಅವಳು ನಗಲಿಲ್ಲ, ರೇಗಲೂ ಇಲ್ಲ. ಅತ್ತೆಯ ಹೊದಿಕೆ ಸರಿಮಾಡಿ ಬಂದು, ನನ್ನ ಮುಖಕ್ಕೇ ಹೇಳಿದಳು:

"ನನಗೆ ಎಲ್ಲ ಗೊತ್ತು ದೊಡ್ಡಮ್ಮ. ಆದರೆ ಆ ಮನೇಲಿ ನಿಮ್ಮನ್ನ ತಡೆಯೋ ವಿಪಿಎನ್ ಯಾರೂ ಮಾರ್ತಿರಲಿಲ್ಲ."